ಬಿದ್ದ ಹಲ್ಲಿನ ಹಾಡು

ಮಾರ್ಚ್ ೪

ಮಗಳೇ,

ಕಾಗದ ನೋಡಿ ಗಾಬರಿಯಾಗಬೇಡ, ಆರೋಗ್ಯವಾಗಿಯೇ ಇದ್ದೇನೆ. ಈಚೆಗೆ ಫೋನಿನಲ್ಲಿ ಮಾತು ಅರ್ಧಂಬರ್ಧ ಕೇಳುತ್ತದೆ. ನೀನು ಒಂದು ಕೇಳಿದರೆ ನಾನು ಇನ್ನೊಂದಕ್ಕೆ ಉತ್ತರ ಕೊಡುತ್ತೇನೆ, ಆಮೇಲೆ ನಿನಗೆ ಸಿಟ್ಟು ಬರುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ನೀನೂ ಬರೆದೇ ಉತ್ತರ ಕೊಡು.

ಶನಿವಾರ ನಿನ್ನ ಭಾಷಣಕ್ಕೆ ಬಂದಿದ್ದೆ. ನಮ್ಮ ಹಾಡಿನ ಗುಂಪಿನ ಬೇಕರಿಯವಳು ಪೇಪರಿನಲ್ಲಿ ನಿನ್ನ ಫೋಟೋ ನೋಡಿ, "ಟೀಚರೇ, ನಿಮ್ಮ ಮಗಳು ಹಾಡಿನಲ್ಲೇ ಸೈನ್ಸ್ ಹೇಳ್ತಾರಂತೆ! ನೀವು ಹೋಗದಿದ್ರೆ ಇನ್ಯಾರು ಹೋಗ್ಬೇಕು?" ಎಂದು ಬಲವಂತವಾಗಿ ಬಸ್ಸು ಹತ್ತಿಸಿದಳು. ಮ್ಯೂಸಿಯಂ ಹಾಲಿನಲ್ಲಿ ಕೊನೆಯ ಸಾಲು, ಕಂಬದ ಪಕ್ಕ ಜಾಗ ಸಿಕ್ಕಿತು. ಬಲಗಡೆ ಒಂದು ಪುಟ್ಟ ಹುಡುಗಿ ಬಿಸ್ಕತ್ತು ತಿನ್ನುತ್ತಾ ಕೂತಿದ್ದಳು. ನೀನು ವೇದಿಕೆಗೆ ಬಂದಾಗ "ನನ್ನ ಮಗಳು" ಎಂದು ಅವಳಿಗೆ ಹೇಳಿದೆ. ಅವಳು ನನಗೊಂದು ಬಿಸ್ಕತ್ತು ಕೊಟ್ಟಳು.

ಪಿಟೀಲಿನ ತಂತಿಯನ್ನು ಮೀಟಿ ನೀನು ಪರಮಾಣುವಿನ ಕಥೆ ಹೇಳಿದ್ದು ಬಹಳ ಚೆನ್ನಾಗಿತ್ತು. ನನಗೇ ಅಷ್ಟು ಅರ್ಥವಾಯಿತೆಂದರೆ ಉಳಿದವರಿಗೆ ಇನ್ನೆಷ್ಟು ಆಗಿರಬೇಕು! ಕಡೆಯಲ್ಲಿ ಒಬ್ಬ ಹೆಂಗಸಿನ ಹಾಡು ಹಾಕಿದೆಯಲ್ಲ, "ನಿಸರ್ಗ ಹೀಗೆ ಹಾಡೋದಿಲ್ಲ" ಎಂದು. ಹಾಲಿಗೆ ಹಾಲೇ ನಕ್ಕಿತು. ಆ ಹುಡುಗಿಯಂತೂ ಬಿಸ್ಕತ್ತಿನ ಪುಡಿ ಚೆಲ್ಲುವ ಹಾಗೆ ನಕ್ಕಳು. ನನಗೆ ಮಾತ್ರ ನಗುವಂಥದ್ದು ಏನಿತ್ತೆಂದು ಗೊತ್ತಾಗಲಿಲ್ಲ. ಅವಳು ಯಾರು? ಏನು ತಪ್ಪು ಹಾಡಿದಳು?

ಬಸ್ಸು ತಪ್ಪುತ್ತದೆಂದು ನಿನ್ನನ್ನು ಮಾತಾಡಿಸದೆ ಬಂದೆ.

ನಿನ್ನ
ಅಮ್ಮ

---

ಮಾರ್ಚ್ ೧೧

ಅಮ್ಮಾ,

ಬಂದಿದ್ದೆಯಾ! ಒಂದು ಮಾತು ಹೇಳಬಾರದಿತ್ತೇ? ಮುಂದಿನ ಸಾಲಿನಲ್ಲಿ ಕುರ್ಚಿ ಇಡಿಸುತ್ತಿದ್ದೆ. ನಿನ್ನ ಅಳಿಯ ಕಾಗದ ಓದಿ, "ಅತ್ತೆ ಬಂದು ಹಂಗೇ ಹೋದ್ರಾ? ಊಟಕ್ಕಾದ್ರೂ ಕರ್ಕೊಂಡು ಬರಬಾರದಿತ್ತಾ?" ಎಂದು ನನ್ನನ್ನೇ ಬೈದರು.

ಆ ಹಾಡು ಯಾರದೋ. ನಮ್ಮ ಕಾಲೇಜಿನಲ್ಲಿ ಇಂಥ ದನಿಗಳನ್ನೆಲ್ಲ ಒಂದು ಕಡೆ ಕೂಡಿಟ್ಟಿರುತ್ತಾರೆ, ಅದರಲ್ಲಿ ಸಿಕ್ಕಿತು. ಯಾರೆಂದು ನಾನೂ ನೋಡಲಿಲ್ಲ.

ನಾನು ಹೇಳಹೊರಟದ್ದು ಇಷ್ಟು. ಪಿಟೀಲಿನ ತಂತಿಯ ಎರಡು ತುದಿಯನ್ನೂ ಬಿಗಿದು ಕಟ್ಟಿರುತ್ತಾರೆ. ತುದಿಗಳು ಅಲ್ಲಾಡುವಂತಿಲ್ಲ. ಆದ್ದರಿಂದ ತಂತಿ ಇಡಿಯಾಗಿ ಅಲುಗಬಹುದು, ಇಲ್ಲವೇ ಎರಡು ಪಾಲಾಗಿ, ಮೂರು ಪಾಲಾಗಿ ಅಲುಗಬಹುದು. ಎರಡೂವರೆ ಪಾಲು ಆಗುವುದಿಲ್ಲ. ಒಂದೊಂದು ಬಗೆಗೂ ಅದರದೇ ಸ್ವರ. ಪರಮಾಣುವಿನೊಳಗಿನ ಎಲೆಕ್ಟ್ರಾನಿಗೂ ಇಂಥದೇ ಕಟ್ಟುಪಾಡು. ಅದಕ್ಕೆ ಗೊತ್ತಾದ ಕೆಲವು ನೆಲೆಗಳಿವೆ, ನಡುವೆ ನಿಲ್ಲಲು ಜಾಗವಿಲ್ಲ. ನಿನ್ನ ಮನೆಯ ಮೆಟ್ಟಿಲನ್ನೇ ತಗೋ. ಮೂರನೆಯದರ ಮೇಲೆ ನಿಲ್ಲಬಹುದು, ನಾಲ್ಕನೆಯದರ ಮೇಲೆ ನಿಲ್ಲಬಹುದು, ಮೂರೂವರೆಯಲ್ಲಿ ನಿಂತವರು ಯಾರೂ ಇಲ್ಲ. ಎಲೆಕ್ಟ್ರಾನ್ ಮೇಲಿನ ಮೆಟ್ಟಿಲಿನಿಂದ ಕೆಳಗಿನದಕ್ಕೆ ಬಂದಾಗ ಆ ಎರಡರ ಅಂತರಕ್ಕೆ ತಕ್ಕ ಬಣ್ಣದ ಬೆಳಕು ಹೊರಬರುತ್ತದೆ. ಬೀದಿದೀಪ ಹಳದಿ, ಅಂಗಡಿಯ ಬೋರ್ಡಿನ ದೀಪ ಕೆಂಪು, ಎಲ್ಲ ಇದರಿಂದಲೇ.

ಮನುಷ್ಯರ ಗಂಟಲಿಗೆ ಮೆಟ್ಟಿಲಿಲ್ಲ, ಇಳಿಜಾರು. ಎಲ್ಲಿ ಬೇಕಾದರೂ ನಿಲ್ಲಬಹುದು, ಎಲ್ಲಿಂದ ಬೇಕಾದರೂ ಜಾರಬಹುದು. ಅದನ್ನು ತೋರಿಸಲು ಆ ಹಾಡು. ಜನ ಸುಮ್ಮನೆ ನಕ್ಕರು, ಮನಸ್ಸಿಗೆ ಹಚ್ಚಿಕೊಳ್ಳುವಂಥದ್ದೇನಲ್ಲ.

ನಿನ್ನ ಮೊಮ್ಮಗಳು ಪುಟಾಣಿ ಕೇಳುತ್ತಿದ್ದಾಳೆ, ಪ್ರತಿ ಭಾನುವಾರ ಫೋನಿನಲ್ಲಿ ಬರುತ್ತಿದ್ದ ಅಜ್ಜಿಯ ಹಾಡು ಯಾಕೆ ನಿಂತಿತೆಂದು. ಏನು ಹೇಳಲಿ?

ಉತ್ತರಕ್ಕೆ ಕಾಯುತ್ತಿರುವ
ನಿನ್ನ ಮಗಳು

---

ಮಾರ್ಚ್ ೧೯

ಮಗಳೇ,

ನಾನು ಜೀವಮಾನವೆಲ್ಲ ಶಾಲೆಯ ಮಕ್ಕಳಿಗೆ ಹಾಡು ಕಲಿಸಿದವಳು. ಹೋಂವರ್ಕ್ ಮಾಡದ ಮಕ್ಕಳೇ ಹೆಚ್ಚು ಮಾತಾಡುತ್ತಾರೆಂದು ನನಗೆ ಗೊತ್ತು. ನಾನು ಕೇಳಿದ್ದು ಒಂದು ಸಾಲು, ನೀನು ಬರೆದದ್ದು ಎರಡು ಹಾಳೆ.

"ಬಿದ್ದೋಯ್ತು ಬಿದ್ದೋಯ್ತು ಮುಂದಿನ ಹಲ್ಲು,
ಬಾಗಿಲು ತೆರೆದಿದೆ, ಗಾಳಿಯೇ ನಿಲ್ಲು."

ಪುಟಾಣಿಯ ಹಲ್ಲು ಬಿದ್ದು ಅವಳು ಅತ್ತ ದಿನ ನಾನು ಪಾತ್ರೆ ತೊಳೆಯುತ್ತಾ ಕಟ್ಟಿದ ಹಾಡು ಅದು. ಕೈ ಒರೆಸಿಕೊಂಡು ಫೋನಿನಲ್ಲಿ ಹಾಡಿ ನಿನಗೆ ಕಳಿಸಿದೆ. ಲೋಕದಲ್ಲಿ ಅದನ್ನು ಹಾಡಿದ ಹೆಂಗಸು ನಾನೊಬ್ಬಳೇ. ನಿಮ್ಮ ಕಾಲೇಜಿಗೆ ಅದು ನಡೆದುಕೊಂಡು ಬಂತೇ?

ಇದನ್ನು ಮೊದಲ ಕಾಗದದಲ್ಲೇ ಬರೆಯಬಹುದಿತ್ತು. ನೀನೇ ಹೇಳುತ್ತೀಯೇನೋ ಎಂದು ಜಾಗ ಬಿಟ್ಟೆ.

ಜನ ನಕ್ಕಿದ್ದಕ್ಕೆ ಬೇಸರವಿಲ್ಲ ಎಂದು ಬರೆದು ಹೊಡೆದುಹಾಕಿದ್ದೇನೆ, ನೋಡು. ಬೇಸರವಿದೆ. ನೀನು ಚಿಕ್ಕವಳಿದ್ದಾಗ ನಿನ್ನ ದನಿ ಜಾರಿದರೆ ನಾನು ಬಾಯಿ ಬಿಟ್ಟು ಹೇಳುತ್ತಿರಲಿಲ್ಲ. ಒಂದು ಬೆರಳು ಎತ್ತುತ್ತಿದ್ದೆ, ನೀನು ಏರಿಸಿಕೊಳ್ಳುತ್ತಿದ್ದೆ. ಸರಿಹೋದ ಮೇಲೆ ಬೆರಳು ಇಳಿಸುತ್ತಿದ್ದೆ. ತರಗತಿಯಲ್ಲಿ ಯಾವ ಮಗುವನ್ನು ನೋಡಿಯೂ ಯಾರೂ ನಗಲು ನಾನು ಬಿಟ್ಟವಳಲ್ಲ. ನೀನೂ ಅದೇ ತರಗತಿಯಲ್ಲಿ ಕೂತಿದ್ದೆ.

ಇರಲಿ. ಈಗ ನನಗೆ ತಿಳಿಯಬೇಕಾದದ್ದು ಬೇರೆ. ಮೇ ತಿಂಗಳಲ್ಲಿ ನಮ್ಮ ಲೈಬ್ರರಿಯ ಹೊಸ ಹಾಲು ತೆರೆಯುತ್ತಾರೆ. ನಮ್ಮ ಗುಂಪಿನ ಹಾಡೂ ಇದೆ. ಮೊದಲು ನಾನೊಬ್ಬಳೇ ಹಾಡಬೇಕು, ಆಮೇಲೆ ಹನ್ನೊಂದು ಜನರೂ ಹೊರಗಿನಿಂದ ಬರುವ ಪಿಟೀಲಿನವರೂ ಸೇರುತ್ತಾರೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ನನ್ನನ್ನು ಯಾರೂ ಆಡಿಕೊಳ್ಳಬಾರದು. ನನ್ನ ಶ್ರುತಿ ಹೋಗಿದೆಯೇ? ಹೌದು ಅನ್ನು, ಇಲ್ಲ ಅನ್ನು. ಮೆಟ್ಟಿಲ ಕಥೆ ಬೇಡ.

ಅಮ್ಮ

---

ಮಾರ್ಚ್ ೨೫

ಅಮ್ಮಾ,

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಗತಿ ನನ್ನದು. ನಿನ್ನ ಕಾಗದ ಸ್ಟಾಫ್‌ರೂಮಿನಲ್ಲಿ ಒಡೆದೆ. ಓದುತ್ತಾ ಓದುತ್ತಾ ಕಿವಿ ಬಿಸಿಯಾಯಿತು, ಎದುರು ಕೂತವರು "ಮೇಡಂ, ಜ್ವರಾನಾ?" ಎಂದು ಕೇಳಿದರು. ಹೌದೆಂದು ಹೇಳಿ ಮನೆಗೆ ಬಂದುಬಿಟ್ಟೆ. ಒಂದು ಸುಳ್ಳು ಮುಚ್ಚಲು ಇನ್ನೊಂದು.

ಅದು ನಿನ್ನ ಹಾಡೇ. ಒಂದು ದನಿ ಬೇಕಿತ್ತು, ಫೋನಿನಲ್ಲಿ ಕೈಗೆ ಸಿಕ್ಕಿತು, ನಿನ್ನನ್ನು ಕೇಳದೆ ತೆಗೆದುಕೊಂಡೆ. ನೀನು ಅಲ್ಲಿರುತ್ತೀಯೆಂದು ಕನಸಿನಲ್ಲೂ ಎಣಿಸಿರಲಿಲ್ಲ. ಎಣಿಸಿರದಿದ್ದರೆ ತಪ್ಪು ತಪ್ಪಲ್ಲವೇ ಎಂದು ನೀನು ಕೇಳುತ್ತೀಯ, ತಪ್ಪೇ.

ಆದರೆ ನಿನ್ನ ಶ್ರುತಿ ಹೋಗಿಲ್ಲ. ಹೋದದ್ದು ನನ್ನ ಕತ್ತರಿಯಿಂದ. ನಿನ್ನ ಹಾಡನ್ನು ನಾನು ಕಂಪ್ಯೂಟರಿನಲ್ಲಿ ಚೂರು ಚೂರು ಮಾಡಿ ಅಂಟಿಸಿದ್ದೆ. ಚೂರಾದರೆ ಏನಾಗುತ್ತದೆ ಕೇಳು. ಒಂದು ಚಪ್ಪಾಳೆ ತಟ್ಟು. ಅದರ ಶ್ರುತಿ ಯಾವುದು? ಹೇಳಲಾಗುವುದಿಲ್ಲ. ಬಂದಷ್ಟೇ ಬೇಗ ಮುಗಿದುಹೋಗಿರುತ್ತದೆ. ಒಂದು ಸ್ವರ ಇಂಥದೇ ಎಂದು ಕಿವಿ ಗುರುತಿಸಬೇಕಾದರೆ ಅದು ಒಂದಿಷ್ಟು ಹೊತ್ತು ನಿಲ್ಲಬೇಕು. ಯಾವಾಗ ಬಂತೆಂಬುದು ಖಚಿತವಾದಷ್ಟೂ ಯಾವ ಸ್ವರವೆಂಬುದು ಕೈಜಾರುತ್ತದೆ. ಇದು ಕಿವಿಯ ದೋಷವಲ್ಲ, ಅಲೆಗಳ ಸ್ವಭಾವವೇ ಹಾಗೆ. ಎಲೆಕ್ಟ್ರಾನ್ ಕೂಡ ಹೀಗೆಯೇ: ಎಲ್ಲಿದೆ ಎಂಬುದನ್ನು ಬಿಗಿಯಾಗಿ ಹಿಡಿದರೆ ಎಷ್ಟು ರಭಸದಲ್ಲಿದೆ ಎಂಬುದು ಸಡಿಲವಾಗುತ್ತದೆ. ನಾವು ಇದನ್ನು ಅನಿಶ್ಚಿತತೆ ಎನ್ನುತ್ತೇವೆ.

ಹಾಗೆ, ಕತ್ತರಿಸಿದ ಮೇಲೆ ಯಾರ ಹಾಡಾದರೂ ಅಪಸ್ವರವೇ. ನೀನು ನಿಶ್ಚಿಂತೆಯಿಂದ ಹಾಡು. ನನ್ನನ್ನು ಕ್ಷಮಿಸು.

ಮುಖ ತೋರಿಸಲಾಗದ
ನಿನ್ನ ಮಗಳು

---

ಏಪ್ರಿಲ್ ೬

ನನ್ನ ಬಂಗಾರದ ಮಗಳೇ,

ಕಾಗದ ಓದಿ ಹಾಸಿಗೆಯ ಮೇಲೆ ಕೂತು ಚಪ್ಪಾಳೆ ತಟ್ಟಿ ತಟ್ಟಿ ಕೇಳಿದೆ. ನಿಜವೇ, ಅದಕ್ಕೆ ಶ್ರುತಿಯೇ ಇಲ್ಲ! ಇಷ್ಟು ವರ್ಷ ಹಾಡು ಕಲಿಸಿದವಳಿಗೆ ಇದು ಹೊಳೆದಿರಲಿಲ್ಲ. ಕೆಳಗಿನ ಸೈಕಲ್ ಅಂಗಡಿಯವನು ಕೈಗೆ ಗ್ರೀಸು ಮೆತ್ತಿಕೊಂಡೇ ಓಡಿಬಂದು "ಏನಮ್ಮಾ, ಕರೆದ್ರಾ?" ಎಂದ. ಅವನಿಗೂ ಪಾಠ ಹೇಳಿ ಕಳಿಸಿದೆ.

ನಿನ್ನ ಮೇಲೆ ಏನೇನೋ ಅಂದುಕೊಂಡಿದ್ದೆ. ಹೊಟ್ಟೆಯಲ್ಲಿ ಹುಟ್ಟಿದ ಮಗಳನ್ನು ಅನುಮಾನಿಸಿದೆನಲ್ಲ ಎಂದು ನಾಚಿಕೆಯಾಯಿತು. ಕೇಳದೆ ತೆಗೆದುಕೊಂಡದ್ದು ತಪ್ಪು, ಅದಕ್ಕೆ ಎದುರಿಗೆ ಸಿಕ್ಕಾಗ ಎರಡು ಮಾತು ಬಯ್ಯುತ್ತೇನೆ, ಅಲ್ಲಿಗೆ ಮುಗಿಯಿತು. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರೆ. ನನಗೆ ನನ್ನ ಹಿತ್ತಲ ಗಿಡವೇ ಮದ್ದಾಯಿತು.

ಗುಂಪಿನವರಿಗೂ ಎಲ್ಲ ಹೇಳಿದೆ. "ನೋಡ್ರೇ, ಸ್ವರ ಅನ್ನೋದು ಮಗು ಥರ. ನಿಲ್ಲೋಕೆ ಸ್ವಲ್ಪ ಹೊತ್ತು ಕೊಟ್ರೆ ಮಾತ್ರ ಯಾರ ಮನೇದು ಅಂತ ಗೊತ್ತಾಗೋದು" ಎಂದೆ. ನರ್ಸಮ್ಮ "ಹಂಗಾ ಟೀಚರೇ" ಎಂದಳು. ಬೇಕರಿಯವಳು ಮಾತ್ರ ಯಾಕೋ ತಲೆ ತಗ್ಗಿಸಿ ಕೂತಿದ್ದಳು. ಒಲೆಯ ಮುಂದೆ ನಿಂತು ನಿಂತು ಸೊಂಟ ನೋವಂತೆ.

ನಮ್ಮ ಹಾರ್ಮೋನಿಯಂಗೆ ಇನ್ನೂ ಬಾಯಿ ಬಂದಿಲ್ಲ. ಪೆಟ್ಟಿಗೆಯ ಬೀಗದ ಕೈ ಕಳೆದು ಎರಡು ವರ್ಷವಾಯಿತು, ಬೀಗದವನು ಬರುತ್ತಾನೆ ಬರುತ್ತಾನೆ ಎಂದು ಬೇಕರಿಯವಳು ಹೇಳುತ್ತಲೇ ಇದ್ದಾಳೆ. ಬಾರದಿದ್ದರೆ ಬೇಡ. "ನಾನಿರೋವಾಗ ಪೆಟ್ಟಿಗೆ ಯಾಕ್ರೇ?" ಎಂದೆ. ಲೈಬ್ರರಿಯಲ್ಲಿ ಹಾಡುವ ಮೊದಲು ಎಲ್ಲರ ಮುಂದೆ ನಿನ್ನ ಚಪ್ಪಾಳೆ ಪಾಠವನ್ನೂ ಹೇಳುವವಳಿದ್ದೇನೆ. ಆಮೇಲೆ ನಮ್ಮ ಹಲ್ಲಿನ ಹಾಡು, ಈ ಸಲ ಇಡಿಯಾಗಿ! ಪುಟಾಣಿಯನ್ನು ಕರೆದುಕೊಂಡು ನೀನು ಬರಲೇಬೇಕು.

ಹೆಮ್ಮೆಯಿಂದ,
ಅಮ್ಮ

---

ಏಪ್ರಿಲ್ ೧೫

ಟೀಚರ್ ಮಗಳಿಗೆ ಬೇಕರಿಯವಳ ನಮಸ್ಕಾರಗಳು.

ನಿಮ್ಮ ತಾಯೀನ ಅವತ್ತು ಬಸ್ಸು ಹತ್ತಿಸಿದವಳು ನಾನೇ. ಸುಮ್ಮನಿರಲಾರದೆ ಇರುವೆ ಬಿಟ್ಟುಕೊಂಡ ಹಾಗಾಯ್ತು. ನನಗೆ ಕೇಕಿನ ಮೇಲೆ ಬರೆದೇ ಅಭ್ಯಾಸ, ಕಾಗದ ಬರೆದವಳಲ್ಲ. ತಪ್ಪಿದ್ರೆ ಹೊಟ್ಟೆಗೆ ಹಾಕ್ಕೊಳ್ಳಿ.

ಮೇಡಂ, ನೀವು ಹೇಳಿದ್ದು ಸರಿಯಲ್ಲ. ಟೀಚರಿಗೆ ಎರಡು ವರ್ಷದಿಂದ ಶ್ರುತಿ ನಿಲ್ತಿಲ್ಲ. ಶುರು ಮಾಡೋದು ಸರಿಯಾಗೇ ಮಾಡ್ತಾರೆ, ನಡುವಿಗೆ ಬರೋಷ್ಟರಲ್ಲಿ ಕೆಳಗೆ ಇಳಿದಿರ್ತಾರೆ. ಅವರ ಕಿವಿಗೆ ಅದು ಗೊತ್ತಾಗಲ್ಲ. ಮೊದಲನೇ ಸಲ ಹಂಗಾದಾಗ ನಾವೆಲ್ಲ ಒಬ್ಬರ ಮುಖ ಒಬ್ಬರು ನೋಡ್ಕೊಂಡ್ವಿ. ಆಮೇಲೆ ನರ್ಸಮ್ಮ ಮೆಲ್ಲಗೆ ಅವರ ಜೊತೆ ಇಳಿದ್ರು. ನಾನೂ ಇಳಿದೆ. ಎಲ್ಲರೂ ಇಳಿದ್ವಿ. ಎಲ್ಲರೂ ಒಟ್ಟಿಗೆ ಇಳಿದ್ರೆ ತಪ್ಪು ಅಂತ ಗೊತ್ತಾಗೋದು ಯಾರಿಗೆ? ಈಗ ಅದೇ ಅಭ್ಯಾಸ ಆಗಿ, ಅಂಗಡಿಯಲ್ಲಿ ಹಿಟ್ಟು ನಾದ್ತಾ ಒಬ್ಬಳೇ ಹಾಡಿದ್ರೂ ಇಳೀತೀನಿ.

ಹಾರ್ಮೋನಿಯಂ ಮಾತ್ರ ಇಳಿಯಲ್ಲ ನೋಡಿ. ಅದಕ್ಕೇ ಬೀಗ ಹಾಕಿ ಬೀಗದ ಕೈ ಕಳೆದುಹೋಯ್ತು ಅಂದೆ. ಅದು ನನ್ನ ಒಣದ್ರಾಕ್ಷಿ ಡಬ್ಬದಲ್ಲಿದೆ. ಟೀಚರ್ ಮುಖ ಚಿಕ್ಕದಾಗೋದನ್ನ ನೋಡೋಕಾಗಲ್ಲ ಅಂತ ಮಾಡಿದ್ದು. ಬೆಕ್ಕಿಗೆ ಗಂಟೆ ಕಟ್ಟೋರು ಯಾರು ಅಂತ ಕಾಯ್ತಾ ಎರಡು ವರ್ಷ ಕೂತ್ವಿ. ನಮಗೂ ನಾಚಿಕೆ ಇದೆ.

ಆದ್ರೆ ಮೇ ತಿಂಗಳು ಅವರೊಬ್ಬರೇ ಹಾಡ್ತಾರೆ, ಆಮೇಲೆ ಪಿಟೀಲಿನವರು ಸೇರ್ತಾರೆ. ಆ ಪುಣ್ಯಾತ್ಮ ನಮ್ಮ ಜೊತೆ ಇಳಿಯಲ್ಲ. ಊರಿನವರೆಲ್ಲ ನಗ್ತಾರೆ. ಮೊನ್ನೆ ನಾನು ಧೈರ್ಯ ಮಾಡಿ ಬಾಯಿ ತೆಗೆದೆ, "ನನ್ನ ಮಗಳು ಸೈನ್ಸ್ ಪ್ರಕಾರ ಹೇಳಿದ್ದಾಳೆ" ಅಂತ ನನ್ನ ಬಾಯಿ ಮುಚ್ಚಿಸಿದ್ರು. ಅವರು ಇನ್ನು ಕೇಳೋದು ನಿಮ್ಮ ಮಾತು ಒಂದೇ.

ಅಂಗಡಿಯಲ್ಲಿ ಜನ ಇದ್ದಾರೆ, ಇಲ್ಲಿಗೆ ನಿಲ್ಲಿಸ್ತೀನಿ.

ನಿಮ್ಮ ತಾಯಿಯ ಗುಂಪಿನ
ಬೇಕರಿಯವಳು

---

ಏಪ್ರಿಲ್ ೧೮

ಅಮ್ಮಾ,

ಇದನ್ನು ಕೂತು ಓದು.

ಚಪ್ಪಾಳೆಯ ಪಾಠ ಸುಳ್ಳಲ್ಲ. ಅದನ್ನು ನಿನ್ನ ಹಾಡಿಗೆ ಅಂಟಿಸಿದ್ದು ಸುಳ್ಳು. ನಾನು ಹಾಡನ್ನು ಕತ್ತರಿಸಿರಲಿಲ್ಲ. ಆ ದಿನ ಹಾಲಿನಲ್ಲಿ ಕೇಳಿಸಿದ್ದು ಎರಡು ಪೂರ್ತಿ ಸಾಲು, ನೀನು ಹಾಡಿದ ಹಾಗೆಯೇ. ನೀನೇ ಅಲ್ಲಿ ಕೂತು ಎರಡು ಸಾಲನ್ನೂ ಕೇಳಿದ್ದೆ. ಆದರೂ ನಿನ್ನ ಕಿವಿಗಿಂತ ನನ್ನ ಮಾತನ್ನೇ ಹೆಚ್ಚು ನಂಬಿದೆ.

ನಿನ್ನ ಪ್ರಶ್ನೆಗೆ ಉತ್ತರ: ಹೌದು. ನಿನ್ನ ಶ್ರುತಿ ಜಾರುತ್ತಿದೆ. ಎರಡನೆಯ ಸಾಲಿಗೆ ಬರುವಾಗ ಚೆನ್ನಾಗಿ ಗೊತ್ತಾಗುವಷ್ಟು ಇಳಿದಿರುತ್ತದೆ. ಎರಡು ವರ್ಷದಿಂದ ಹೀಗಿದೆ, ಎರಡು ವರ್ಷದಿಂದಲೂ ನನಗೆ ಗೊತ್ತಿದೆ. ಭಾನುವಾರದ ಹಾಡು ಬಂದಾಗ ಪುಟಾಣಿ ಒಮ್ಮೆ "ಅಜ್ಜಿ ಹಾಡು ಜಾರುಬಂಡೆ ಥರ ಇದೆ ಅಲ್ವಾ ಅಮ್ಮ?" ಎಂದಳು. "ಶ್, ಅಜ್ಜಿಗೆ ಹೇಳಬಾರದು" ಎಂದು ನಾನೇ ಅವಳ ಬಾಯಿ ಮುಚ್ಚಿದೆ. ನೀನು ಕೂಸಿಗೆ ಹಾಡು ಕಲಿಸುತ್ತಿದ್ದೆ, ನಾನು ಅದೇ ಕೂಸಿಗೆ ಕಪಟ ಕಲಿಸುತ್ತಿದ್ದೆ.

ಭಾಷಣಕ್ಕೆ ನನಗೆ ಬೇಕಿದ್ದದ್ದು ಬರೀ ಒಂದು ದನಿ ಅಲ್ಲ, ತಪ್ಪುವ ದನಿ. ಮೊದಲು ನಾನೇ ಬೇಕೆಂದು ತಪ್ಪಾಗಿ ಹಾಡಿ ನೋಡಿದೆ. ಬರಲಿಲ್ಲ. ನೀನು ಕಲಿಸಿದ್ದು ಅಷ್ಟು ಗಟ್ಟಿಯಾಗಿ ಕೂತಿದೆ. ಆಗ ನಿನ್ನ ಹಾಡು ನೆನಪಾಯಿತು. ಬೇರೆ ಯಾರ ನೆನಪೂ ಬರಲಿಲ್ಲ ಅಮ್ಮ, ನೇರವಾಗಿ ನಿನ್ನದೇ ಬಂತು.

ಇನ್ನೊಂದು ಹೇಳಿಬಿಡುತ್ತೇನೆ. ಜನ ತಾವಾಗಿ ನಗಲಿಲ್ಲ. ಹಾಡು ಶುರುವಾಗುತ್ತಲೇ ನಾನು ಸಭೆಯ ಕಡೆ ನೋಡಿ ನಕ್ಕೆ. ನಾನು ನಕ್ಕೆನೆಂದು ಅವರೂ ನಕ್ಕರು.

ನಾನು ಕಾಲೇಜಿನಲ್ಲಿ ಹೇಳುವ ಪಾಠದಲ್ಲಿ ಒಂದು ವಿಚಿತ್ರವಿದೆ. ಎಲೆಕ್ಟ್ರಾನ್ ಎಲ್ಲಿದೆ ಎಂದು ಅಳೆದು ನೋಡುವ ಮೊದಲು ಆ ಪ್ರಶ್ನೆಗೆ ಒಂದೇ ಒಂದು ಉತ್ತರ ಇರುವುದಿಲ್ಲ. ಉತ್ತರ ಇದ್ದು ನಮಗೆ ಗೊತ್ತಿಲ್ಲವೆಂದಲ್ಲ, ಇಲ್ಲವೇ ಇಲ್ಲ ಎನ್ನುತ್ತಾರೆ ನಮ್ಮಲ್ಲಿ ಬಹಳ ಜನ. ಇದನ್ನು ಹೇಳಿದಾಗ ಜನರ ಕಣ್ಣು ಅರಳುತ್ತದೆ. ಆ ಬೆರಗನ್ನೇ ತಂದು ನಿನ್ನ ಕಣ್ಣಿಗೆ ಎರಚಿದೆ. ನಿನ್ನ ಹಾಡಿನ ವಿಷಯದಲ್ಲಿ ಅಂಥ ಮಾಯೆ ಯಾವುದೂ ಇರಲಿಲ್ಲ. ಉತ್ತರ ಇತ್ತು, ನನ್ನ ಹತ್ತಿರವೇ ಇತ್ತು. ಹೇಳುವ ಧೈರ್ಯ ಮಾತ್ರ ಇರಲಿಲ್ಲ.

ದಯವಿಟ್ಟು ಹಾರ್ಮೋನಿಯಂ ತೆರೆಸಿ ಅದರ ಜೊತೆ ಒಮ್ಮೆ ಹಾಡು. ಬೀಗದ ಕೈ ಕೇಳಿದರೆ ಸಿಗುತ್ತದೆ.

ನಾನು ಇನ್ನು ಆ ಭಾಷಣಗಳನ್ನು ಮಾಡುವುದಿಲ್ಲ. ಯಾವ ಮುಖ ಇಟ್ಟುಕೊಂಡು ಮಾಡಲಿ?

ನಿನ್ನ
ಮಗಳು

---

ಮೇ ೨೯

ಮಗಳೇ,

ನಿನ್ನ ಆ ಕಾಗದದ ಮೇಲೆ ಇನ್ನೂ ಎರಡು ಬಂದವು. ಒಡೆಯಲಿಲ್ಲ. ಬಾಗಿಲಿಗೆ ಬಂದು ಅಳಿಯ ಕರೆದ ದಿನ ನಾನು ಮನೆಯಲ್ಲೇ ಇದ್ದೆ, ತೆಗೆಯಲಿಲ್ಲ. ಅವನಿಗೆ ಹೇಳು, ಅವನ ಮೇಲೆ ಏನೂ ಇಲ್ಲ.

ನಿನ್ನ ಆ ಕಾಗದ ಓದಿದ ದಿನವೇ ಅದನ್ನು ಮಡಚಿ ನೇರ ಹಾಡಿನ ಕೋಣೆಗೆ ಹೋದೆ. "ಬೀಗದ ಕೈ ಕೊಡ್ರೇ" ಎಂದೆ. ಯಾವ ಬೀಗ ಎಂದು ಒಬ್ಬಳೂ ಕೇಳಲಿಲ್ಲ. ಆಗಲೇ ಎಲ್ಲ ತಿಳಿದುಹೋಯಿತು. ಬೇಕರಿಯವಳು ಅಂಗಡಿಗೆ ಹೋಗಿ ತಂದಳು, ದ್ರಾಕ್ಷಿಯ ಅಂಟು ಹತ್ತಿತ್ತು. ಪೆಟ್ಟಿಗೆ ತೆರೆದು, ಒಂದು ಸ್ವರ ಒತ್ತಿ ಹಿಡಿದು, ಹಲ್ಲಿನ ಹಾಡು ಹಾಡಿದೆ. ನನಗೆ ಎಲ್ಲ ಸರಿಯಾಗಿಯೇ ಕೇಳಿಸಿತು. ಆಮೇಲೆ ಅವರ ಮುಖಗಳನ್ನು ನೋಡಿದೆ.

ಆ ನಾಚಿಕೆಯನ್ನು ಹೇಗೆ ಬರೆಯಲಿ? ನನ್ನ ಕಾಲ ಮೇಲೆ ನಡೆಯುತ್ತಿದ್ದೇನೆ ಎಂದುಕೊಂಡಿದ್ದೆ, ಹನ್ನೊಂದು ಹೆಂಗಸರು ಹೊತ್ತುಕೊಂಡು ಹೋಗುತ್ತಿದ್ದರು. ಅವರಿಗೆ ಚಪ್ಪಾಳೆಯ ಪಾಠ ಬೇರೆ ಹೇಳಿದ್ದೆನಲ್ಲ! ಅವರು ಹೂಂ ಹೂಂ ಎಂದಿದ್ದರಲ್ಲ! ನೆನಪಾದಾಗಲೆಲ್ಲ ಸೆರಗು ಮುಖಕ್ಕೆ ಮುಚ್ಚಿಕೊಳ್ಳುತ್ತೇನೆ, ಮನೆಯಲ್ಲಿ ಯಾರೂ ಇಲ್ಲದಿದ್ದರೂ.

ಇನ್ನೊಂದು ಮಾತು ನನಗೂ ಹೇಳಲು ಕಷ್ಟ. ನೀನು ಹಾಕಿದ್ದು ಎರಡು ಪೂರ್ತಿ ಸಾಲು ಎಂದು ನನಗೆ ನೆನಪಿತ್ತು. ಕತ್ತರಿಸಿದ್ದೇನೆ ಎಂದು ನೀನು ಬರೆದಾಗ ನಂಬಲು ಮನಸ್ಸಾಯಿತು, ನಂಬಿದೆ. ಸುಳ್ಳು ನಿನ್ನದು, ಅದಕ್ಕೆ ಮಣೆ ಹಾಕಿ ಕೂರಿಸಿದವಳು ನಾನು. ಮೊದಲು ನಕ್ಕವಳು ನೀನು ಎಂಬುದೂ ಗೊತ್ತಿತ್ತು. ಕಿವಿ ಮಂದವಾದರೆ ಕಣ್ಣು ಚುರುಕಾಗುತ್ತದೆ. ನೀನಾಗಿ ಬರೆಯುತ್ತೀಯೋ ಇಲ್ಲವೋ ಎಂದು ಕಾದಿದ್ದೆ.

ಕಿವಿಯ ಡಾಕ್ಟರ ಹತ್ತಿರ ಹೋಗಿದ್ದೆ. ಒಂದೇ ಸ್ವರ ನನ್ನ ಎಡಗಿವಿಗೆ ಒಂದು ಥರ, ಬಲಗಿವಿಗೆ ಇನ್ನೊಂದು ಥರ ಕೇಳುತ್ತದಂತೆ. ನಿನ್ನ ಎಲೆಕ್ಟ್ರಾನನ್ನು ಎಲ್ಲೋ ಯಾಕೆ ಹುಡುಕುತ್ತೀಯ, ನನ್ನ ತಲೆಯೊಳಗೇ ಕೂತಿದೆ.

ಬೇಕರಿಯವಳ ಕಣ್ಣು ಅತ್ತು ಅತ್ತು ಬಾತುಕೊಂಡಿತ್ತು. "ಹೆಂಗೆ ಹೇಳೋದು ಟೀಚರೇ, ನೀವು ನೊಂದ್ಕೊಂಡ್ರೆ?" ಎಂದಳು. "ಬೆರಳು ಎತ್ತಿದ್ರೆ ಸಾಕಿತ್ತಲ್ಲೇ!" ಎಂದೆ. ಶ್ರುತಿ ಜಾರಿತೆಂದು ಗೊತ್ತಾದರೆ ಏರಿಸಿಕೊಳ್ಳಲು ನನಗೆ ಇನ್ನೂ ಬರುತ್ತದೆ, ಮಗಳೇ. ಗಂಟಲು ಗಟ್ಟಿಯಾಗಿಯೇ ಇದೆ. ಎರಡು ವರ್ಷ ಇಷ್ಟು ಜನ ಪ್ರೀತಿಸುವವರಿದ್ದೂ ಒಂದು ಬೆರಳು ಎತ್ತಲು ಯಾರಿಗೂ ಆಗಲಿಲ್ಲ.

ಲೈಬ್ರರಿಯಲ್ಲಿ ಹಾಡಿದೆ. ಹಾಡಬೇಡಿ ಎಂದವರಿದ್ದರು. ಬೇಕರಿಯವಳನ್ನು ಮುಂದಿನ ಸಾಲಿನಲ್ಲಿ ಕೂರಿಸಿಕೊಂಡೆ. ನಾನು ಇಳಿದಾಗ ಅವಳು ಬೆರಳು ಎತ್ತಿದಳು, ಏರಿಸಿಕೊಂಡೆ. ಇನ್ನೊಮ್ಮೆ ಎತ್ತಿದಳು, ಏರಿಸಿಕೊಂಡೆ. ಆಮೇಲೆ ಅವಳು ಕಣ್ಣು ಒರೆಸುತ್ತಾ ಬೆರಳನ್ನೇ ಮರೆತಳು. ನಾನು ಇಳಿದುಹೋದೆ. ಪಿಟೀಲಿನವರು ಹುಬ್ಬೇರಿಸಿದರು. ಹಾಡು ನಿಲ್ಲಿಸಿ "ಇಳಿದುಬಿಟ್ಟೆ, ತಡೀರಿ" ಎಂದು ಸಭೆಗೆ ಹೇಳಿ ಅದೇ ಸಾಲನ್ನು ಮತ್ತೆ ಹಿಡಿದೆ. ಹಿಂದೆ ಯಾರೋ ನಕ್ಕರು. ನಗಲಿ. ಮುಗಿಸಿಯೇ ಕೂತೆ.

ನಿನ್ನ ಮೇಲಿನ ಸಿಟ್ಟು ಪೂರ್ತಿ ಇಳಿದಿದೆ ಎಂದರೆ ಅದೂ ಇನ್ನೊಂದು ಸುಳ್ಳಾದೀತು. ಆದರೆ ಭಾಷಣ ಬಿಡುತ್ತೇನೆ ಎಂದು ಬರೆದಿದ್ದೀಯಲ್ಲ, ಅದು ಬೇಡ. ಅಪಸ್ವರ ಬಂತೆಂದು ಯಾವ ಮಗುವನ್ನೂ ನಾನು ಹಾಡು ಬಿಡಿಸಿ ಮನೆಗೆ ಕಳಿಸಿದವಳಲ್ಲ. ಮುಂದಿನ ತಿಂಗಳು ಮ್ಯೂಸಿಯಂನ ಅದೇ ಹಾಲಿನಲ್ಲಿ ನಿನ್ನ ಭಾಷಣ ಎಂದು ಇನ್ನೂ ಬೋರ್ಡು ಹಾಕಿಯೇ ಇದ್ದಾರಂತೆ. ಮಾಡು. ನಾನು ಬರುತ್ತೇನೆ. ಮುಂದಿನ ಸಾಲಿನಲ್ಲಿ ಕುರ್ಚಿ ಇಡಿಸುತ್ತೇನೆ ಎಂದಿದ್ದೆಯಲ್ಲ, ಇಡಿಸು.

ಅಮ್ಮ

---

ಜೂನ್ ೨೪

ಬೇಕರಿಯಮ್ಮನವರಿಗೆ,

ಅಂಗಡಿ ಬಿಟ್ಟು ಬರಲಾಗಲಿಲ್ಲ, ಏನಾಯಿತೆಂದು ಬರೆಯಿರಿ ಎಂದಿದ್ದಿರಿ. ಅಮ್ಮನನ್ನು ಕೇಳಿದರೆ "ಚೆನ್ನಾಗಿತ್ತು" ಎನ್ನುವುದು ಬಿಟ್ಟು ಇನ್ನೇನೂ ಹೇಳುವುದಿಲ್ಲವಂತೆ. ಆದ್ದರಿಂದ ನಾನೇ ಬರೆಯುತ್ತಿದ್ದೇನೆ.

ಅಮ್ಮ ಮುಂದಿನ ಸಾಲಿನಲ್ಲಿ, ನಡುವಿನ ಕುರ್ಚಿಯಲ್ಲಿ ಕೂತಿದ್ದಳು. ಪಕ್ಕದಲ್ಲಿ ಪುಟಾಣಿ. ನಾನು ಬಂದು ಕಾಲು ಮುಟ್ಟುವಷ್ಟು ಹತ್ತಿರ ನಿಂತರೂ ಅವಳು ನಗಲಿಲ್ಲ, ಮಾತಾಡಿಸಲಿಲ್ಲ. ತಂತಿ ಮೀಟಲು ಹೋಗಿ ಎರಡು ಸಲ ತಪ್ಪಿದೆ.

ತಂತಿಯ ಪಾಠ ಮುಗಿಸಿದೆ. ಮೆಟ್ಟಿಲ ಪಾಠ ಮುಗಿಸಿದೆ. ಆಮೇಲೆ, ಹಿಂದೆ ಯಾವತ್ತೂ ಹೇಳದ್ದನ್ನು ಹೇಳಿದೆ: ಹಾಡು ನಿಮ್ಮನ್ನು ಪರಮಾಣುವಿನ ಬಾಗಿಲವರೆಗೆ ಕರೆದುಕೊಂಡು ಬರುತ್ತದೆ, ಒಳಗೆ ಬರುವುದಿಲ್ಲ. ಪಿಟೀಲಿನ ತಂತಿಯಲ್ಲಿ ಹಲವು ಸ್ವರ ಒಟ್ಟಿಗೆ ಇದ್ದರೆ ನಮಗೆ ಎಲ್ಲವೂ ಒಟ್ಟಿಗೆ ಕೇಳುತ್ತವೆ. ಎಲೆಕ್ಟ್ರಾನ್ ಹಲವು ನೆಲೆಗಳಲ್ಲಿ ಒಟ್ಟಿಗೆ ಇದ್ದರೂ ಅಳೆದಾಗ ಸಿಗುವುದು ಒಂದೇ. ಯಾಕೆ ಎಂಬುದು ನನಗೂ ಪೂರ್ತಿ ಗೊತ್ತಿಲ್ಲ. ಇಷ್ಟು ಹೇಳಿ ಅಮ್ಮನ ಕಡೆ ನೋಡಿದೆ. ಅವಳ ಕೈ ಮಡಿಲಲ್ಲೇ ಇತ್ತು.

ಆಮೇಲೆ ಹೇಳಲೇಬೇಕಾದದ್ದಕ್ಕೆ ಬಂದೆ. ಅದನ್ನು ಬಾಯಿಪಾಠ ಮಾಡಿಕೊಂಡು ಬಂದಿದ್ದೆ.

"ಕಳೆದ ಸಲ ಇದೇ ಜಾಗದಲ್ಲಿ ಒಬ್ಬ ಹೆಂಗಸಿನ ಹಾಡು ಹಾಕಿ ನಿಮ್ಮನ್ನೆಲ್ಲ ನಗಿಸಿದ್ದೆ" ಎಂದೆ.

ಅಮ್ಮ ಬೆರಳು ಎತ್ತಿದಳು. ಎದೆಯ ಮಟ್ಟಕ್ಕೆ, ತರಗತಿಯಲ್ಲಿ ಎತ್ತುತ್ತಿದ್ದ ಹಾಗೆಯೇ. ಹಿಂದಿನವರಿಗೆ ಕಂಡಿರಲಾರದು.

"ಒಬ್ಬ ಹೆಂಗಸಲ್ಲ, ನನ್ನ ಅಮ್ಮ" ಎಂದೆ.

ಬೆರಳು ಹಾಗೆಯೇ ಇತ್ತು.

"ಅವರನ್ನು ಕೇಳದೆ ಹಾಕಿದ್ದೆ. ಅವರು ಅವತ್ತು ಈ ಹಾಲಿನಲ್ಲೇ ಇದ್ದರು" ಎಂದೆ. ಹಾಲಿನಲ್ಲಿ ಯಾರೋ ಕೆಮ್ಮಿದರು.

ಆಗಲೂ ಬೆರಳು ಇಳಿಯಲಿಲ್ಲ. ನಾನು ಬಾಯಿಪಾಠ ಮಾಡಿದ್ದು ಅಲ್ಲಿಗೆ ಮುಗಿದಿತ್ತು. ನೆಲ ನೋಡಿದೆ, ಪಿಟೀಲು ನೋಡಿದೆ, ಕಡೆಗೆ ಅಮ್ಮನನ್ನೇ ನೋಡಿದೆ.

"ಮೊದಲು ನಕ್ಕವಳು ನಾನು" ಎಂದೆ.

ಅಮ್ಮ ಬೆರಳು ಇಳಿಸಿದಳು.

ನಿಮ್ಮ
ಟೀಚರ್ ಮಗಳು